ಗೋದಾಮಿನ ಗೋಡೆಯ ಮೂರು ನೆರಳು

ಇದು ನಡೆದದ್ದು. ಲಕ್ಷ್ಮೇಶ್ವರದ ಒಂದು ಕಾಳಿನ ಗೋದಾಮಿನಲ್ಲಿ, ಮಂದಿಯೆಲ್ಲ ಕೂತಿದ್ದಾಗ, ನನ್ನ ಕಣ್ಣೆದುರಿಗೇ ನಡೆದದ್ದು. ಆದರೆ ನಾನು ಹೇಳುವ ಕ್ರಮದಲ್ಲೇ ನಡೆಯಿತು ಎಂದು ಆಣೆ ಮಾಡಲಾರೆ. ಯಾವುದು ಮೊದಲು, ಯಾವುದು ಆಮೇಲೆ... ನನ್ನ ಅಂಜಿಕೆಯೆಲ್ಲ ಇರುವುದೇ ಅಲ್ಲಿ.

ಇಂಥ ಸಂಗತಿ ಹೇಳುವವರಿಗೆ ಎಲ್ಲವೂ ಸಾಲಾಗಿ ನೆನಪಿರುತ್ತದೆ. ಗಾಳಿ ಬೀಸಿತು, ನಾಯಿ ಊಳಿಟ್ಟಿತು, ಬಾಗಿಲು ಕಿರುಗುಟ್ಟಿತು ಎನ್ನುತ್ತಾರೆ. ಆ ಸಂಜೆ ಯಾವ ನಾಯಿಯೂ ಊಳಿಡಲಿಲ್ಲ. ನನಗೆ ನೆನಪಿರುವುದು ಸ್ಟೆಬಿಲೈಜರಿನ ಟಕ್ ಟಕ್ ಸಪ್ಪಳ, ಹಸಿ ಸುಣ್ಣದ ವಾಸನೆ, ಮತ್ತು ಒಂದು ನೆರಳು. ಅದನ್ನು ನಾನು ಎರಡು ಸಲ ನೋಡಿದೆ. ನಡುವೆ ಒಮ್ಮೆ ಕೆಳಗೆ ಬಗ್ಗಿದ್ದೆ. ಬಗ್ಗದಿದ್ದರೆ ಇವತ್ತು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಟಗೇರಿಯ ನಮ್ಮ ಮನೆಯಲ್ಲಿ ಅಪ್ಪ ಇನ್ನೂ ಮಗ್ಗದ ಮೇಲೆ ಕೂರುತ್ತಿದ್ದ. ನಾನು ಮಗ್ಗ ಬಿಟ್ಟು ಗದಗಿನಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದೆ. ಮದುವೆ ಮನೆಗಳಿಗೆ, ಕಾಲೇಜುಗಳಿಗೆ ವಿಸಿಆರ್ ಮತ್ತು ಪ್ರೊಜೆಕ್ಟರ್ ಬಾಡಿಗೆಗೆ ಒಯ್ಯುವುದು ನನ್ನ ಕೆಲಸ. ಮುಂಡರಗಿ, ಶಿರಹಟ್ಟಿಯಿಂದಲೂ ಕರೆ ಬರುತ್ತಿತ್ತು.

ಆ ಕಾಲದ ಪ್ರೊಜೆಕ್ಟರ್ ಕಬ್ಬಿಣದ ಟ್ರಂಕಿನಷ್ಟು ದೊಡ್ಡದು. ಇಬ್ಬರು ಹೊರಬೇಕು. ಮುಂದೆ ಮೂರು ದಪ್ಪ ಗಾಜಿನ ಕಣ್ಣು. ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಒಂದೊಂದೂ ತನ್ನದೇ ಬಣ್ಣದ ಚಿತ್ರವನ್ನು ಗೋಡೆಗೆ ಎಸೆಯುತ್ತದೆ. ಮೂರನ್ನೂ ತಂದು ಒಂದರ ಮೇಲೊಂದು ಕೂಡಿಸಿದರೆ ಬಿಳುಪು. ಕೂಡದಿದ್ದರೆ ಪ್ರತಿ ಗೆರೆಗೂ ಮೂರು ಗೆರೆ, ಪ್ರತಿ ಮನುಷ್ಯನಿಗೂ ಮೂರು ಮನುಷ್ಯರು. ಅದನ್ನು ಕೂಡಿಸುವುದೇ ನನ್ನ ಕಸುಬು.

ಗದಗಿನಲ್ಲಿ ಪ್ರಭಾಕರ ಎಂಬ ಹುಡುಗಾಟದ ಮನುಷ್ಯ ಕಂಪ್ಯೂಟರ್ ಕ್ಲಾಸು ತೆರೆದಿದ್ದ. ಲಕ್ಷ್ಮೇಶ್ವರದಲ್ಲೂ ಒಂದು ಶಾಖೆ ಮಾಡಬೇಕೆಂದು ಅವನ ಆಸೆ. ಮೊದಲು ಊರವರಿಗೆ ಕಂಪ್ಯೂಟರ್ ಅಂದರೇನು ತೋರಿಸಬೇಕು. ಅವನ ಪುಟ್ಟ ಟಿವಿಯಲ್ಲಿ ತೋರಿಸಿದರೆ ಮುಂದಿನ ಸಾಲಿನವರನ್ನು ಬಿಟ್ಟು ಯಾರಿಗೂ ಕಾಣುವುದಿಲ್ಲ. ನಿನ್ನ ಪ್ರೊಜೆಕ್ಟರಿಗೆ ನನ್ನ ಕಂಪ್ಯೂಟರ್ ಹಚ್ಚಿ ಗೋಡೆ ತುಂಬ ತೋರಿಸೋಣ ಎಂದ.

ನಾನು ಆವರೆಗೆ ಕಂಪ್ಯೂಟರ್ ಮುಟ್ಟಿದವನಲ್ಲ. ಅವನದು ಬರೀ ಒಂದು ಕೀಲಿಮಣೆ, ಅದರ ಹೊಟ್ಟೆಯಲ್ಲೇ ಎಲ್ಲ. ಪಕ್ಕಕ್ಕೊಂದು ಟೇಪ್ ರೆಕಾರ್ಡರ್. ಪ್ರೋಗ್ರಾಂ ಇರುವುದು ಕ್ಯಾಸೆಟ್ಟಿನಲ್ಲಿ. ತೊಡಕು ಏನೆಂದರೆ, ಅದರ ತಂತಿ ಟಿವಿಯ ಆಂಟೆನಾ ತೂತಿಗೆ ಹೋಗುವಂಥದ್ದು, ನನ್ನ ಪ್ರೊಜೆಕ್ಟರಿಗೆ ಅಂಥ ತೂತೇ ಇಲ್ಲ. ಅದಕ್ಕೆ ನಾನು ನಡುವೆ ವಿಸಿಆರ್ ಇಟ್ಟೆ. ಕಂಪ್ಯೂಟರಿನ ತಂತಿ ವಿಸಿಆರಿನ ಆಂಟೆನಾ ತೂತಿಗೆ, ವಿಸಿಆರಿನಿಂದ ಪ್ರೊಜೆಕ್ಟರಿಗೆ. ವಿಸಿಆರಿನ ಸಣ್ಣ ಗಾಲಿ ತಿರುವುತ್ತ ಹೋದರೆ ಮೊದಲು ಬರೀ ಚುಕ್ಕಿಗಳ ಮಳೆ, ಸುಂಯ್ ಎನ್ನುವ ಸಪ್ಪಳ... ಆಮೇಲೆ ಒಂದು ಕಡೆ ತಟ್ಟನೆ ಕಂಪ್ಯೂಟರಿನ ಬಿಳಿ ಪರದೆ ಹಿಡಿಯುತ್ತದೆ. ಅಂಗಡಿಯಲ್ಲಿ ಅದು ಹಿಡಿದಾಗ ಪ್ರಭಾಕರ ನನ್ನ ಬೆನ್ನು ತಟ್ಟಿದ್ದ.

ಲಕ್ಷ್ಮೇಶ್ವರದಲ್ಲಿ ಜಾಗ ಕೊಟ್ಟವರು ಅಡತಿ, ಅಂದರೆ ಕಾಳಿನ ದಲ್ಲಾಳಿ, ವ್ಯಾಪಾರದ ಶೆಟ್ಟರು. ಹೊಸ ಶೇಂಗಾ ಬರುವ ಮುಂಚೆ ಅವರ ಗೋದಾಮು ಖಾಲಿ ಇರುತ್ತಿತ್ತು. ಕರೆಂಟಿನ ಮೀಟರು ಮೂಡಣ ಬಾಗಿಲಿಗಿತ್ತು, ಹಾಗಾಗಿ ಮಶೀನು ಅಲ್ಲಿ. ಚಿತ್ರ ಬೀಳಬೇಕಾದದ್ದು ಎದುರಿನ ಪಡುವಣ ಗೋಡೆಯ ಮೇಲೆ.

ಗೋಡೆ ನೋಡಿದೆ. ಸುಣ್ಣ ಇತ್ತು, ಆದರೆ ಮನುಷ್ಯನೆತ್ತರಕ್ಕೆ ಸಾಲಾಗಿ ಕಂದು ಕಲೆ. ಹಮಾಲರು ಚೀಲ ಇಳಿಸಿ, ದಣಿದು ಬೆನ್ನು ಆನಿಸಿ ನಿಲ್ಲುವ ಜಾಗ ಅವು ಎಂದು ಶೆಟ್ಟರು ಹೇಳಿದರು. ಬೆವರು, ಧೂಳು, ಶೇಂಗಾದ ಎಣ್ಣೆ ಕೂಡಿ ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಕಲೆ. ಯಾರದು ಯಾವುದೆಂದು ಅವರಿಗೆ ಗೊತ್ತು. ಒಬ್ಬನ ಜಾಗದಲ್ಲಿ ಇನ್ನೊಬ್ಬ ಆನಿಕೊಳ್ಳುವುದಿಲ್ಲ. ನಡುವಿನದು ಎಲ್ಲಕ್ಕಿಂತ ಎತ್ತರ, ಒಂದು ಹೆಗಲು ಇಳಿಬಿದ್ದಂತೆ ಓರೆ. ಎರಡು ವರ್ಷದಿಂದ ಗೋಡೆಗೆ ಸುಣ್ಣ ಹೊಡೆಯುವಾಗ ಅದೊಂದನ್ನು ಬಿಟ್ಟು ಹೊಡೆಯುತ್ತಿದ್ದರಂತೆ.

ಅದು ದಾವಲ್‌ನದು. ಗೋದಾಮು ಕಾಯುವ ಮುದುಕ ಮಕ್ತುಮಸಾಬನ ಮಗ. ಚೀಲ ಹೊತ್ತೂ ಹೊತ್ತೂ ಅವನ ಒಂದು ಹೆಗಲು ಇಳಿದಿತ್ತು. ಎರಡು ಮುಂಗಾರಿನ ಹಿಂದೆ ಮೆಣಸಿನಕಾಯಿ ತುಂಬಿದ ಲಾರಿಯ ಮೇಲೆ ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಲಾರಿ ಬಂತು, ಅವನು ಬರಲಿಲ್ಲ. ದಾರಿಯಲ್ಲಿ ಚಹಾ ಕುಡಿಯಲು ಇಳಿದವನು ಎಲ್ಲಿ ಹೋದನೋ ಗೊತ್ತಿಲ್ಲ ಎಂದಷ್ಟೇ ಡ್ರೈವರು ಹೇಳಿದ. ಹೆಣ ಸಿಗಲಿಲ್ಲ, ಖಬರು ಸಿಗಲಿಲ್ಲ.

ಮನೆಯಲ್ಲಿ ಮುದುಕ, ಮತ್ತೆ ಸೊಸೆ ಜೈತುನ್. ಇಪ್ಪತ್ತು ದಾಟಿರಲಿಕ್ಕಿಲ್ಲ, ಮಕ್ಕಳಿರಲಿಲ್ಲ. ಅವಳ ಅಣ್ಣ ಮುಂಡರಗಿಯಿಂದ ಒಂದು ಸಂಬಂಧ ತಂದಿದ್ದ. ಹೆಂಡತಿ ತೀರಿಕೊಂಡ ದರ್ಜಿ, ಒಳ್ಳೆಯವನು. ಅವಳಿಗೂ ಒಪ್ಪಿಗೆ ಇತ್ತು. ಆದರೆ ಮಗ ಇನ್ನಿಲ್ಲ ಎಂದು ಮಾವ ಬಾಯಿಬಿಟ್ಟು ಹೇಳದೆ ಓಣಿಯ ಹಿರಿಯರು ಮುಂದುವರಿಯಲು ತಯಾರಿರಲಿಲ್ಲ. ಮುದುಕ ಹೇಳುತ್ತಿರಲಿಲ್ಲ. ಹಾಗಾಗಿ ಅವಳ ಕೊರಳಲ್ಲಿ ಕರಿಮಣಿ ಇನ್ನೂ ಇತ್ತು.

ಆ ಕಲೆ ಬಿಟ್ಟೇ ಚಿತ್ರ ಬಿಡಲು ಆದೀತೇ ಎಂದು ಶೆಟ್ಟರು ಕೇಳುತ್ತಿದ್ದರು. ನಾನು ಉತ್ತರ ಕೊಡುವ ಮುಂಚೆ ಹಿತ್ತಿಲ ಕಡೆ ಏನೋ ಸಪ್ಪಳ. ಹೋಗಿ ನೋಡಿದರೆ ಮಕ್ತುಮಸಾಬ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದಾನೆ.

"ಮಕ್ತುಮ, ನಿನಗ ಯಾರ ಹೇಳ್ಯಾರೋ?" ಎಂದರು ಶೆಟ್ಟರು.

"ಯಾರೂ ಹೇಳಿಲ್ರಿ ಧಣಿ. ಇವತ್ತ ಎಲ್ಲಾ ಹೊಡದಬಿಡತೀನ್ರಿ. ಆ ಮಶೀನ ಏನ ಕೇಳಿದ್ರೂ ಹೇಳತೈತಂತಲ್ರಿ... ಗ್ವಾಡಿ ಬೆಳ್ಳಗ ಇರಬೇಕಂತ."

ಪ್ರಭಾಕರ ಬೆಳಿಗ್ಗೆ ಟೆಂಪೋದಲ್ಲಿ ಮೈಕು ಕಟ್ಟಿಕೊಂಡು ಬಜಾರಿನಲ್ಲಿ ಕೂಗಿ ಬಂದಿದ್ದ. ಏನು ಬೇಕಾದರೂ ಕೇಳಿ, ಕಂಪ್ಯೂಟರ್ ಉತ್ತರ ಕೊಡುತ್ತದೆ ಎಂದಿದ್ದ. ಮುದುಕ ಅದನ್ನು ಹಾಗೇ ನಂಬಿದ್ದ. ಮಶೀನು ಇಲ್ಲ ಅಂದರೆ ಇಲ್ಲ ಎಂದು ಹಿರಿಯರ ಮುಂದೆ ಹೇಳುತ್ತೇನೆ, ಬರುತ್ತಾನೆ ಅಂದರೆ ಸೊಸೆ ಕಾಯಬೇಕು ಎಂದು ಅವಳಿಗೆ ಹೇಳಿದ್ದನಂತೆ. ಅವಳು ಆತು ಅಂದಿದ್ದಳಂತೆ.

ನಾನು ಪ್ರಭಾಕರನನ್ನು ಬದಿಗೆ ಕರೆದು ಇದೆಲ್ಲ ಹೇಳಿದೆ. ಅದು ಬರೀ ಆಟದ ಪ್ರೋಗ್ರಾಂ, ನಾಲ್ಕೈದು ಉತ್ತರ ಇವೆ, ಯಾವುದೋ ಒಂದು ಬರುತ್ತದೆ ಎಂದ. ಮುದುಕನಿಗೆ ತಿಳಿಸಿ ಹೇಳು ಎಂದೆ. ಆ ಹೊತ್ತಿಗೆ ಮಕ್ತುಮಸಾಬ ನಡುವಿನ ಕಲೆಯ ಮೇಲೆ ಕುಂಚ ಎಳೆಯುತ್ತಿದ್ದ. ಮೇಲಿನಿಂದ ಕೆಳಗೆ, ನಿಧಾನಕ್ಕೆ. ಸುಣ್ಣ ಹಸಿ ಇರುವಾಗ ಬೆಳ್ಳಗೆ ಕಾಣುವುದಿಲ್ಲ. ಒದ್ದೆಯೊಳಗೆ ಕಲೆ ಇನ್ನೂ ಕಪ್ಪಾಗಿ ಎದ್ದು ಕಂಡಿತು. ಅವನು ಎರಡನೆಯ ಸಲ ಎಳೆದ. ಪ್ರಭಾಕರ ಕ್ಯಾಸೆಟ್ಟು ತರಲು ಟೆಂಪೋ ಕಡೆ ಹೋದ, ನಾನು ತಂತಿ ಬಿಡಿಸಲು ಕೂತೆ.

ಕತ್ತಲಾಗುವ ಮುಂಚೆ ಬಾಗಿಲುಗಳಿಗೆ ಲಾರಿಗೆ ಹೊದಿಸುವ ತಾಡಪತ್ರಿ ಬಿಗಿದು ಮಶೀನು ಹಚ್ಚಿದೆ. ಪ್ರಭಾಕರನ ಕ್ಯಾಸೆಟ್ಟು ತಿರುಗಿತು. ಅದು ಕಂಪ್ಯೂಟರಿಗೆ ಪ್ರೋಗ್ರಾಂ ಊಡಿಸುವಾಗ ಕಿರ್ರ್... ಎಂದು ಒಂದೇ ಸಮ ಚೀರುತ್ತದೆ. ತೊಲೆಯ ಮೇಲಿನ ಪಾರಿವಾಳಗಳು ಪಟಪಟನೆ ಎದ್ದು ಹೋದವು. ಗೋಡೆಯ ಮೇಲೆ ಗೆರೆಗಳ ಬಲೆ ಮೂಡಿತು. ಕೆಂಪು ಬಲೆ, ಹಸಿರು ಬಲೆ, ನೀಲಿ ಬಲೆ. ನಾನು ತಿರುಗುಣಿ ತಿರುವಿ ಮೂರನ್ನೂ ಒಂದಕ್ಕೊಂದು ಕೂಡಿಸಿದೆ. ಬಿಳಿ ಗೆರೆ ಬಂತು.

ಬೆಳಕಿಗೆ ಅಡ್ಡ ಹೋಗಿ ನಿಲ್ಲುವಂತೆ ಮಕ್ತುಮಸಾಬನಿಗೆ ಹೇಳಿದೆ. ಅದು ನನ್ನದೊಂದು ರೂಢಿ. ಒಬ್ಬ ಮನುಷ್ಯನನ್ನು ಮಶೀನಿನ ಹತ್ತಿರದಿಂದ ಗೋಡೆಯವರೆಗೆ ನಡೆಸಿ ನೋಡುವುದು. ಮೂರು ಕಣ್ಣಿನಿಂದ ಮೂರು ಬೆಳಕು ಬರುವುದರಿಂದ ಒಬ್ಬನಿಗೆ ಮೂರು ನೆರಳು ಬೀಳುತ್ತದೆ. ಒಂದು ಹಸಿರುನೀಲಿ, ಒಂದು ಗುಲಾಬಿ, ಒಂದು ಹಳದಿ. ಮಶೀನಿನ ಹತ್ತಿರ ಇದ್ದರೆ ನೆರಳು ತೊಲೆ ಮುಟ್ಟುವಷ್ಟು ದೊಡ್ಡದು, ಮೂರೂ ದೂರ ದೂರ. ಗೋಡೆಯ ಕಡೆ ನಡೆದಂತೆ ಸಣ್ಣದಾಗುತ್ತ, ಒಂದರೊಳಗೊಂದು ಸೇರುತ್ತ, ಗೋಡೆ ಮುಟ್ಟುವಾಗ ಮೂರೂ ಕೂಡಿ ಒಂದೇ ಕರಿ ನೆರಳು. ತಿರುಗಿ ಬರುವಾಗ ಅದೇ ಹಿಂದುಮುಂದು. ದೊಡ್ಡದಾಗುತ್ತ, ಬಿಡಿಬಿಡಿಯಾಗುತ್ತ.

ಮುದುಕ ಹೋಗಿ ಬಂದ. ತನ್ನ ಮೂರು ನೆರಳು ನೋಡಿ ನಕ್ಕ. ಅವನು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ. ಜೈತುನ್ ಚಹಾ ತಂದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೆರಳು ಯಾಕೆ ಹಾಗೆ ಕೂಡುತ್ತದೆ ಎಂದು ಅವಳು ಕೇಳಿದಳು. ಹೋಗುವವರದು ಕೂಡುತ್ತದೆ, ಬರುವವರದು ಬಿಡಿಸಿಕೊಳ್ಳುತ್ತದೆ, ಅಷ್ಟೇ ಎಂದೆ. ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳೆಂದು ನನಗೆ ಆಗ ಹೊಳೆಯಲಿಲ್ಲ.

ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಮಂದಿ ಬಂದರು. ಗಂಡಸರು ನೆಲದ ಮೇಲೆ, ಹೆಂಗಸರು ಬಲಗಡೆ ಖಾಲಿ ಚೀಲಗಳ ಒಟ್ಟಿಲ ಮೇಲೆ. ಶೆಟ್ಟರಿಗೆ ಒಂದು ಕುರ್ಚಿ. ಪ್ರಭಾಕರ ಗೋಡೆಯ ಮೇಲೆ ವೃತ್ತ ಬಿಡಿಸಿದ, ಲೆಕ್ಕ ಮಾಡಿಸಿದ, ಶೆಟ್ಟರ ಹೆಸರನ್ನು ಇಂಗ್ಲಿಷಿನಲ್ಲಿ ಆಳೆತ್ತರ ಬರೆದ. ಕಡೆಗೆ ಕೇಳುವ ಆಟ. ಅವನು ಪ್ರಶ್ನೆ ಬರೆದರೆ ಪರದೆ ಪೂರ್ತಿ ಬೆಳ್ಳಗಾಗುತ್ತದೆ, ಯೋಚಿಸಿದಂತೆ ಸ್ವಲ್ಪ ಹೊತ್ತು ಹಾಗೇ ಇರುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಅದನ್ನು ಅವನು ಕನ್ನಡದಲ್ಲಿ ಓದುತ್ತಿದ್ದ.

ಹಮಾಲ ಫಕೀರಪ್ಪ ಮೊದಲು ಎದ್ದ. ತನ್ನ ಹೆಂಡತಿಯ ಸಿಟ್ಟು ಎಂದು ಇಳಿಯುತ್ತದೆ ಕೇಳಿರಿ ಎಂದ. ಗೋಡೆ ಬೆಳ್ಳಗಾಯಿತು, ಸಾಲು ಬಂತು.

"ನಾಳೆ ಕೇಳು ಅಂತೈತಪಾ," ಎಂದ ಪ್ರಭಾಕರ.

"ಅಕಿನೂ ಅದನ್ನ ಹೇಳತಾಳ್ರಿ. ಹತ್ತ ವರ್ಷಾತು."

ಎಲ್ಲರೂ ನಕ್ಕರು. ಹೆಂಗಸರ ಕಡೆಯಿಂದ ಯಾರೋ ಮನೀಗೆ ಬಾ ನೋಡತೀನಿ ಎಂದಂತೆ ಕೇಳಿತು. ನಗು ಇನ್ನೂ ಆರಿರಲಿಲ್ಲ, ಮಕ್ತುಮಸಾಬ ಎದ್ದು ನಿಂತ. ಟೊಪ್ಪಿಗೆ ಸರಿ ಮಾಡಿಕೊಂಡ. ನಗು ತಾನಾಗಿಯೇ ನಿಂತಿತು.

"ನನ್ನ ಮಗಾ ದಾವಲ್... ಬರ್ತಾನೋ ಇಲ್ಲೋ. ಅಷ್ಟ ಕೇಳ್ರಿ."

ಪ್ರಭಾಕರ ನನ್ನ ಮುಖ ನೋಡಿದ. ಅವನು ಕೀಲಿ ಒತ್ತಿದ. ಮುದುಕ ಕೂತ. ಗೋಡೆ ಬೆಳ್ಳಗಾಯಿತು.

ಸ್ಟೆಬಿಲೈಜರ್ ಟಕ್ ಎಂದಿತು...

ಗೋಡೆಯ ನಡುವೆ ಒಂದು ನೆರಳಿತ್ತು.

ನಾನು ನೋಡಿದಾಗ ಅದು ದೊಡ್ಡದಿತ್ತು. ತೊಲೆಯವರೆಗೆ ಮುಟ್ಟುವಷ್ಟು. ಹಸಿರುನೀಲಿ, ಗುಲಾಬಿ, ಹಳದಿ, ಮೂರೂ ಬಿಡಿಬಿಡಿ. ಮೂರಕ್ಕೂ ಒಂದು ಹೆಗಲು ಇಳಿದಿತ್ತು. ಯಾರೋ ಮಶೀನಿನ ಮುಂದೆಯೇ ಎದ್ದು ನಿಂತಿದ್ದಾರೆ ಎಂದುಕೊಂಡೆ. ಫಕೀರಪ್ಪನಿಗೂ ಹಾಗೇ ಅನ್ನಿಸಿರಬೇಕು.

"ಯಾವನಲೇ ಅಂವ ಅಡ್ಡ ನಿಂತಾಂವ? ನಿಮ್ಮಪ್ಪ ಏನ ನಿನ್ನ ಗಾಜಿನಾಗ ಮಾಡ್ಯಾನೇನ? ಕುಂಡ್ರಲೇ."

ಒಬ್ಬಿಬ್ಬರು ನಕ್ಕರು. ನಾನು ಮಶೀನಿನ ಮುಂದೆ ನೋಡಿದೆ. ಯಾರೂ ಇರಲಿಲ್ಲ. ಮಂದಿಯೆಲ್ಲ ಕೂತಿದ್ದರು. ಗಾಜಿನ ಕಣ್ಣುಗಳ ಮುಂದೆ ಬರೀ ಬೆಳಕು, ಅದರಲ್ಲಿ ತೇಲುವ ಸುಣ್ಣದ ಪುಡಿ.

ಕೈ ಚಾಚಿದೆ. ನನ್ನ ಕೈಯ ಮೂರು ನೆರಳು ಗೋಡೆಯ ಮೇಲೆ ಆ ನೆರಳಿನ ಪಕ್ಕ ಬಿದ್ದವು. ಆಗ ವಾಸನೆ ಬಂತು. ಒದ್ದೆ ಗೋಣಿಚೀಲದ ವಾಸನೆ, ಅದರೊಳಗೆ ಮೆಣಸಿನಕಾಯಿಯ ಘಾಟು. ಗೋದಾಮಿನಲ್ಲಿ ಅದೇನು ವಿಶೇಷ ಎನ್ನಬಹುದು. ಆ ಗೋದಾಮಿನಲ್ಲಿ ಇದ್ದ ಚೀಲಗಳು ಒಣಗಿದ್ದವು. ಶೆಟ್ಟರು ಮೆಣಸಿನಕಾಯಿ ವ್ಯಾಪಾರವನ್ನು ದಾವಲ್ ಹೋದ ವರ್ಷವೇ ಬಿಟ್ಟಿದ್ದರು.

ತಂತಿಯಲ್ಲಿ ಏನೋ ಆಗಿದೆ ಎಂದು ಕೆಳಗೆ ಬಗ್ಗಿದೆ. ವಿಸಿಆರಿನ ಹಿಂದಿನ ತಂತಿ ಹಿಡಿದು ಅಲುಗಿಸಿದೆ. ತಂತಿಯೊಳಗೆ ಬಂದ ಚಿತ್ರವಾಗಿದ್ದರೆ ತಂತಿ ಅಲುಗಿದಾಗ ಅಲುಗಬೇಕು. ಗೋಡೆಯ ಬಿಳುಪು ಥರಥರ ನಡುಗಿದ್ದು ನೆಲದ ಮೇಲೆ ಬಿದ್ದ ಬೆಳಕಿನಲ್ಲೇ ಗೊತ್ತಾಯಿತು. ತಲೆ ಎತ್ತಿದೆ. ಬಿಳುಪು ಇನ್ನೂ ನಡುಗುತ್ತಿತ್ತು, ನೆರಳು ಅಲುಗಿರಲಿಲ್ಲ. ಆದರೆ ಈಗ ಅದು ಸಣ್ಣದಿತ್ತು. ಮನುಷ್ಯನಷ್ಟೇ. ಮೂರೂ ಕೂಡಿ ಕಪ್ಪಾಗಿ, ಅಂಚಿಗೆ ಮಾತ್ರ ದಾರದಷ್ಟು ಬಣ್ಣ. ಸುಣ್ಣದ ಕೆಳಗೆ ಮುಚ್ಚಿದ್ದ ಆ ಕಲೆಯ ಜಾಗದಲ್ಲೇ.

ಈಗ ಬರೆದದ್ದನ್ನು ಓದಿದರೆ ದೊಡ್ಡದು ಮೊದಲು, ಸಣ್ಣದು ಆಮೇಲೆ ಎಂದು ಹೇಳಿದಂತಾಯಿತು. ಬರೆಯುವಾಗ ಯಾವುದನ್ನಾದರೂ ಮೊದಲು ಬರೆಯಲೇಬೇಕು. ಕೈ ಚಾಚಿದ್ದು ಬಗ್ಗುವ ಮೊದಲೋ, ಆಮೇಲೋ? ಫಕೀರಪ್ಪ ಬೈದದ್ದು ಯಾವಾಗ? ಸಣ್ಣ ನೆರಳನ್ನು ನೋಡಿ, ಗೋಡೆಗೆ ತಾಗಿ ಯಾರೋ ನಿಂತಿದ್ದಾರೆ ಎಂದುಕೊಂಡು, ಬಗ್ಗಿ, ತಂತಿ ಅಲುಗಿಸಿ, ಎದ್ದಾಗ ಅದು ತೊಲೆಯವರೆಗೆ ಬೆಳೆದಿತ್ತು... ಹೀಗೂ ನನಗೆ ನೆನಪಿದೆ. ಅಷ್ಟೇ ಸ್ಪಷ್ಟವಾಗಿ, ಅದೇ ವಾಸನೆಯೊಡನೆ. ಒಂದನ್ನು ನಾನು ಆಮೇಲೆ ಕಟ್ಟಿಕೊಂಡಿರಬೇಕು. ಯಾವುದನ್ನು ಎಂಬುದು ಗೊತ್ತಿಲ್ಲ.

ಮಕ್ತುಮಸಾಬ ಕೂತಲ್ಲಿಂದಲೇ ಕೈ ಎತ್ತಿ ತೋರಿಸಿದ. ಧ್ವನಿ ಮೆಲ್ಲಗಿತ್ತು.

"ಬರಾಕತ್ಯಾನ. ನೋಡ್ರಿ... ನನ್ನ ಮಗಾ ಬರಾಕತ್ಯಾನ."

ಹೆಂಗಸರ ಕಡೆಯಿಂದ ಜೈತುನ್ ಎದ್ದು ನಿಂತಿದ್ದಳು. ಸೆರಗು ಬಾಯಿಗೆ ಹಿಡಿದಿದ್ದಳು.

"ಇಲ್ಲ ಅಬ್ಬಾ. ಹೊಂಟಾರ."

ಮುದುಕ ತಿರುಗಿ ನೋಡಲಿಲ್ಲ.

"ನೆರಳ ಕೂಡಾಕತ್ತೈತಿ ನೋಡ್ರಿ ಅಬ್ಬಾ. ಅವ್ರು ಹೊಂಟಾರ. ನಮಗ ಬೆನ್ನ ಮಾಡ್ಯಾರ... ಪಡುವಣಕ್ಕ ಮಾರಿ ಮಾಡ್ಯಾರ."

ಪಡುವಣಕ್ಕೆ ಮುಖ ಎಂದರೆ ಏನೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಮುಸಲ್ಮಾನರಲ್ಲಿ ಹೆಣವನ್ನು ಗೋರಿಗೆ ಇಳಿಸುವಾಗ ಮುಖ ಆ ಕಡೆ ತಿರುಗಿಸುತ್ತಾರೆ.

ಅಷ್ಟರಲ್ಲಿ ಗೋಡೆಯ ಮೇಲೆ ಇಂಗ್ಲಿಷಿನ ಸಾಲು ಬಂತು. ನೆರಳು ಇರಲಿಲ್ಲ. ಅಳಿಸಿಹೋಯಿತೋ, ಗೋಡೆಯೊಳಗೆ ಹೋಯಿತೋ, ನಮ್ಮ ಮೇಲೆ ಹಾದು ಬಾಗಿಲಿನಿಂದ ಹೊರಬಿತ್ತೋ. ಬರೀ ಅಕ್ಷರ. ಎಲ್ಲರೂ ಪ್ರಭಾಕರನ ಕಡೆ ನೋಡಿದರು. ಅವನು ಮುದುಕನ ಕಡೆ ನೋಡುತ್ತಿದ್ದ.

"ಬರ್ತಾನಂತ ಐತ್ರಿ ಅಜ್ಜಾರ," ಎಂದ.

ಮಕ್ತುಮಸಾಬ ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡ. ಜೈತುನ್ ಕೂತಳು. ಅವಳು ಅಳಲಿಲ್ಲ. ಚೀಲದ ಅಂಚಿನಿಂದ ಒಂದು ಎಳೆ ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

ಮಂದಿ ಬೇಗ ಎದ್ದು ಹೋದರು. ಹೊರಗೆ ಅರ್ಧ ಮಂದಿ ಬಂದ ಎಂದರು, ಅರ್ಧ ಮಂದಿ ಹೋದ ಎಂದರು. ಶೆಟ್ಟರು ನಾನು ಕಣ್ಣೇ ಮುಚ್ಚಿದ್ದೆ ಎಂದರು. ಗದಗಿಗೆ ತಿರುಗಿ ಹೋಗುವಾಗ ಟೆಂಪೋ ಸೊರಟೂರು ದಾಟಿತು. ಆಮೇಲೆ ನಾನು ಕೇಳಿದೆ, ಗೋಡೆಯ ಮೇಲೆ ಖರೆ ಏನು ಬಂದಿತ್ತು.

"ನಾ ಗ್ವಾಡಿ ನೋಡ್ಲೇ ಇಲ್ಲೋ ಮಾರಾಯಾ. ಅಂವನ ಮಾರಿ ನೋಡಿದೆ. ಆ ಮಾರಿಗೆ ಮತ್ತೇನ ಹೇಳಬೇಕಿತ್ತು ಹೇಳು."

ಶಾಖೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಕೆಲವು ದಿನ ಕಳೆದು ಗದಗಿನ ಕ್ಲಾಸನ್ನೂ ಮುಚ್ಚಿ ಹೋದ. ಎಲ್ಲಿದ್ದಾನೋ ಗೊತ್ತಿಲ್ಲ.

ಇಲ್ಲಿಗೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಜೈತುನ್ ನನ್ನ ಅಂಗಡಿಗೆ ಬಂದಳು. ಜೊತೆಗೆ ಅವಳ ಅಣ್ಣ. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದಿದ್ದರು. ನೀರು ಕೊಟ್ಟೆ. ಕೊರಳಲ್ಲಿ ಕರಿಮಣಿ ಹಾಗೇ ಇತ್ತು. ಮಾವ ಈಗ ಸಂಜೆಯಾದರೆ ಗೋದಾಮಿನ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಾನೆ, ಅವಳು ಇಬ್ಬರಿಗಲ್ಲ, ಮೂವರಿಗೆ ರೊಟ್ಟಿ ಬಡಿಯಬೇಕು ಎಂದು ಅಣ್ಣ ಹೇಳಿದ. ಮುಂಡರಗಿಯವರು ಇನ್ನು ಕಾಯುವುದಿಲ್ಲ ಎಂದಿದ್ದಾರೆ. ಓಣಿಯ ಹಿರಿಯರು ಕಡೆಗೆ ಒಂದು ಮಾತಿಗೆ ಬಂದಿದ್ದಾರೆ. ಆ ನೆರಳಿನ ಲೆಕ್ಕ ಗೊತ್ತಿರುವವನು ಮಶೀನಿನವನು ಒಬ್ಬನೇ. ಅವನು ಬಂದು, ಹೋಗುವ ನೆರಳು ಎಂದು ಹೇಳಿದರೆ ಮುದುಕನನ್ನು ಒಪ್ಪಿಸುತ್ತಾರೆ.

ನನಗೆ ಎರಡೂ ನೆನಪಿದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೂ ಅರ್ಥವಾಗಿರಲಿಲ್ಲ. ಮಶೀನು ಹಚ್ಚಿ ನೋಡಿದರೆ ನೆನಪು ಒಂದು ಕಡೆ ನಿಂತೀತು ಎಂದು ಹಿಂದಿನ ಕೋಣೆಯ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಬಿಳಿ ಬೆಳಕು ಬಿಟ್ಟೆ. ನಡೆದು ತೋರಿಸುವಂತೆ ಅವಳ ಅಣ್ಣನಿಗೆ ಹೇಳಿದೆ. ಅವನು ಹಿಂಜರಿದ. ಅವಳೇ ಎದ್ದು ಬೆಳಕಿಗೆ ಬಂದಳು.

ಮಶೀನಿನ ಹತ್ತಿರದಿಂದ ಗೋಡೆಯ ಕಡೆ ನಡೆದಳು. ಮೂರು ನೆರಳು ಸಣ್ಣದಾಗುತ್ತ ಕೂಡಿದವು. ಹೌದು, ಹೀಗೇ ಇತ್ತು ಅನ್ನಿಸಿತು. ಆ ಕಡೆಯಿಂದ ತಿರುಗಿ ಬಂದಳು. ನೆರಳು ದೊಡ್ಡದಾಗುತ್ತ ಬಿಡಿಬಿಡಿಯಾದವು. ಇಲ್ಲ, ಹೀಗಿತ್ತು ಅನ್ನಿಸಿತು. ಮತ್ತೆ ನಡೆಯಲು ಹೇಳಿದೆ. ಅವಳು ಹೋದಳು, ಬಂದಳು, ಹೋದಳು. ಎಷ್ಟು ಸಲವೋ. ಪ್ರತಿ ಸಲವೂ ನೋಡುತ್ತಿದ್ದದ್ದೇ ಖರೆ ಅನ್ನಿಸುತ್ತಿತ್ತು.

ಗೋಡೆಯ ಹತ್ತಿರ, ಆ ಕಡೆ ಮುಖ ಮಾಡಿ ಅವಳು ನಿಂತಳು.

"ಹೇಳ್ರಿ ಅಣ್ಣಾ. ಏನ ಇದ್ರೂ ಹೇಳ್ರಿ. ಅವ್ರು ಬರೂದಾದ್ರ ನಾ ಕಾಯತೀನಿ. ಹಿಂಗ ನಡುವ ಇರಾಕ ಆಗವಲ್ದು."

"ಎರಡೂ ನಾ ನೋಡೀನವಾ," ಎಂದೆ. "ಯಾವುದು ಮೊದಲ ಅಂತ ಹೇಳಾಕ ಬರವಲ್ದು. ಅಲ್ಲಾನ ಆಣಿ ಮಾಡು ಅಂದ್ರ ನಾ ಎರಡರ ಮ್ಯಾಲೂ ಮಾಡಬೇಕಾಗತೈತಿ."

ಅವಳು ಸೆರಗು ಸರಿ ಮಾಡಿಕೊಂಡು ಬೆಳಕಿನಿಂದ ಈಚೆ ಬಂದಳು.

"ಆತು ಬಿಡ್ರಿ," ಎಂದಳು.

ಅಣ್ಣ ತಂಗಿ ಹೊರಟರು. ಮಶೀನು ಇನ್ನೂ ಹತ್ತಿಯೇ ಇತ್ತು. ಆರಿಸಬೇಕೆಂದು ಒಳಗೆ ಹೋದೆ.

ಗೋಡೆಯ ಮೇಲೆ ನೆರಳಿತ್ತು.

ಅವಳದಲ್ಲ. ಒಂದು ಹೆಗಲು ಇಳಿದಿತ್ತು. ಈ ಸಲ ಬಗ್ಗಲಿಲ್ಲ. ತಂತಿ ಮುಟ್ಟಲಿಲ್ಲ. ಕಣ್ಣು ಕೀಳದೆ ನೋಡುತ್ತ ನಿಂತೆ. ಯಾವ ಕಡೆ ಸರಿಯುತ್ತದೆ ಎಂದು ಅಂಚಿನ ಬಣ್ಣವನ್ನೇ ನೋಡಿದೆ. ಬಣ್ಣ ಎರಡು ಬೆರಳಿನಷ್ಟು ಅಗಲವಿತ್ತು. ಅಷ್ಟೇ ಇತ್ತು. ಅಗಲವಾಗಲಿಲ್ಲ, ಕಿರಿದಾಗಲಿಲ್ಲ. ಮಶೀನು ಕಾದು ಬಿಸಿ ವಾಸನೆ ಬರುವವರೆಗೆ ನೋಡಿದೆ. ಮಶೀನಿಗೂ ಗೋಡೆಗೂ ನಡುವೆ, ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ, ಅದು ಬರೀ ನಿಂತಿತ್ತು.

ಹೊರಗೆ ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಲಕ್ಷ್ಮೇಶ್ವರದ ಬಸ್ಸು ಹೋಗಿಯಾಗಿತ್ತು. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ.

ಆ ದರ್ಜಿ ಬೇರೆ ಕಡೆ ಮದುವೆಯಾದನೆಂದು ಕೇಳಿದೆ. ಮಕ್ತುಮಸಾಬ ತೀರಿಕೊಂಡ, ಮಾತು ಬದಲಿಸದೆಯೇ. ಎಷ್ಟೋ ವರ್ಷದ ಮೇಲೆ ಒಮ್ಮೆ ಅಡರಕಟ್ಟ ಕಡೆಯಿಂದ ಬರುವಾಗ ಆ ಗೋದಾಮಿನ ಮುಂದೆ ಹಾದೆ. ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಒಬ್ಬ ಹೆಂಗಸು ಒಳಗಿನ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಜೈತುನ್ ಇರಬಹುದು. ಹಿಂದಿನಿಂದ ಗುರುತು ಹತ್ತಲಿಲ್ಲ. ನಾನು ನಿಲ್ಲಲಿಲ್ಲ.

ಪ್ರೊಜೆಕ್ಟರನ್ನು ಆವತ್ತೇ ಮೂಲೆಗೆ ಹಾಕಿದ್ದೆ, ಆಮೇಲೆ ಗುಜರಿಗೆ ಹೋಯಿತು. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದು ಆ ದಿನ ಕೋಣೆಯ ಮೇನ್ ಸ್ವಿಚ್ಚು ಇಳಿಸಿದೆ. ಬೆಳಕು ಹೋಯಿತು. ಕಿಟಕಿ ತೆರೆದೆ. ಬಿಸಿಲು ಗೋಡೆ ತುಂಬ ಬಿತ್ತು, ಗೋಡೆ ಬೆಳ್ಳಗಿತ್ತು, ಏನೂ ಇರಲಿಲ್ಲ. ಆದರೆ ಒದ್ದೆ ಗೋಣಿಚೀಲದ ವಾಸನೆ ಹೋಗಲಿಲ್ಲ. ಆ ಕೋಣೆಯ ನಡುವೆ ನಡೆಯುವಾಗ ಇವತ್ತಿಗೂ ನಾನು ಗೋಡೆಗೆ ಆತು, ಬದಿಯಿಂದ ಸುತ್ತಿ ಹೋಗುತ್ತೇನೆ... ಅಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ.